ಕಾಡು ಬಾ ಅನ್ನುತ್ತೆ

ವಯಸ್ಸಾಗಿ ಹಾಸಿಗೆ ಹಿಡಿದವರು ಹೇಳಿಕೊಳ್ಳುವ ಮಾತೊಂದಿದೆ: ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ.’ ಈಗ ಬೆಂಗಳೂರಿನಿಂದ ಹೊಸೂರು ದಾಟಿ ತಳಿ, ಡೆಂಕಣಿಕೋಟೆ ಕಡೆಗೆ ರಜೆಯಲ್ಲಿ ಹೊರಡುವವರಿಗೂ ಕಾಡು ಬಾ ಅನ್ನುತ್ತಿದೆ. ಗಾದೆಯ ಕಾಡು ಸುಡುಗಾಡು. ಇವರು ಹುಡುಕಿ ಬರುವುದು ‘ಅರಣ್ಯಸ್ನಾನ’ವನ್ನು.

ಈ ಸ್ನಾನ ಜಪಾನಿನದು. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ‘ಶಿನ್‌ರಿನ್ ಯೋಕು’ ಎಂಬ ಹೆಸರು ಚಲಾವಣೆಗೆ ತಂದಿತು. ನೀರು, ಸೋಪು ಯಾವುದೂ ಬೇಡ. ಮರಗಳ ನಡುವೆ ಅವಸರವಿಲ್ಲದೆ ನಡೆಯಬೇಕು, ಕೂರಬೇಕು, ಉಸಿರಾಡಬೇಕು. ನಮ್ಮಲ್ಲಾದರೋ ಸುಡುಗಾಡಿಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಕನ್ನಡಕ್ಕೆ ತಂದವರು ‘ಕಾಡುಸ್ನಾನ’ ಎನ್ನದೆ ಸಂಸ್ಕೃತದ ಅರಣ್ಯವನ್ನು ಕರೆದದ್ದೇ ಒಳ್ಳೆಯದಾಯಿತು.

ಹೊಸೂರು ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಕಾಡು ಮೂವರಿಗೂ ಪಿತ್ರಾರ್ಜಿತ, ಪಾಲು ಮಾತ್ರ ಬೇರೆ. ತೆಲುಗಿನವರು ಮರಗಿಡಗಳಿಗೆ ಅಡವಿ ಎಂದು, ಕಾಡನ್ನು ಹೆಚ್ಚಾಗಿ ಮಸಣಕ್ಕೇ ಬಿಟ್ಟರು: ವಲ್ಲಕಾಡು ಎಂದರೆ ಸುಡುಗಾಡು, ಮಸಣ ಕಾದ ಹರಿಶ್ಚಂದ್ರನನ್ನು ಅವರು ‘ಕಾಟಿಕಾಪರಿ’ ಎನ್ನುತ್ತಾರೆ. ಧರ್ಮಪುರಿ, ಸೇಲಂ ಕಡೆಯ ತಮಿಳು ರೈತ ‘ಕಾಟ್ಟುಕ್ಕು’ ಹೊರಟನೆಂದರೆ ಮಳೆ ನಂಬಿದ ಹೊಲಕ್ಕೆ ಹೊರಟ ಎಂದರ್ಥ. ಈ ಅರ್ಥ ನಮಗೂ ಹೊಸದಲ್ಲ. ಒಣಬೇಸಾಯಕ್ಕೆ ಕನ್ನಡದಲ್ಲಿ ಕಾಡಾರಂಭ ಎಂದೇ ಹೆಸರು, ನೀರಾವರಿಯದಕ್ಕೆ ನೀರಾರಂಭ. ಊರಿನ ಮಗ್ಗುಲಲ್ಲಿದ್ದು ಊರಲ್ಲದ್ದೆಲ್ಲ ಕಾಡು. ಅಲ್ಲಿ ಉಳುವುದೂ ಉಂಟು, ಸುಡುವುದೂ ಉಂಟು.

ಕಾಡಿಗೆ ಒಳ್ಳೆಯ ಹೆಸರೇ ಇರಲಿಲ್ಲ. ಕಾಡುಮನುಷ್ಯ, ಕಾಡುಹರಟೆ, ಕಾಡುಪಾಲು: ಬೈಗುಳಕ್ಕೆ ಬೇಕಾದಾಗ ಕೈಗೆ ಸಿಗುವ ಪದ. ಪೀಡಿಸು ಎಂಬ ಅರ್ಥದ ‘ಕಾಡು’ ಬೇರೆಯೇ ಪದ ಎನ್ನುತ್ತಾರೆ ನಿಘಂಟಿನವರು. ಇರಬಹುದು, ಆದರೆ ಕಾಡಂಚಿನಲ್ಲಿ ರಾಗಿ ಬೆಳೆಯುವವರ ಮಟ್ಟಿಗೆ ಎರಡೂ ಒಂದೇ. ಪೈರು ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ಜವಳಗಿರಿ, ತಳಿ ದಾಟಿ ಹೊಲಕ್ಕಿಳಿಯುತ್ತದೆ. ಅಟ್ಟಣೆಯ ಮೇಲೆ ಕೂತು ರಾತ್ರಿಯಿಡೀ ಕಾಯುವವನಿಗೆ ಮರಗಳ ಗಾಳಿ ಧಾರಾಳ, ನಿದ್ದೆ ಇಲ್ಲ.

ಅಂಚೆಟ್ಟಿಯ ಆಚೆ ಕಾವೇರಿ ಬದಿಯ ಕಾಡುಗಳಿಗೆ ಬಹುಕಾಲ ಅಂಟಿದ್ದ ಹೆಸರು ಕಾಡುಗಳ್ಳ ವೀರಪ್ಪನ್‌ನದು. 2004ರ ಅಕ್ಟೋಬರ್ 18ರಂದು ಅವನು ಸತ್ತ. 2014ರಲ್ಲಿ ಅಲ್ಲೇ ಕಾವೇರಿ ಉತ್ತರ ವನ್ಯಜೀವಿಧಾಮ ಘೋಷಣೆಯಾಯಿತು, ಸುಮಾರು 504 ಚದರ ಕಿಲೋಮೀಟರ್. ಕಾಡು ಆರೋಗ್ಯದ ಜಾಗವೆನಿಸಲು ಮೊದಲು ಅದರ ಭಯ ಹೋಗಬೇಕು. ಪೇಟೆಯವರಿಗೆ ಹೋಗಿದೆ, ಹೊಲದವರಿಗೆ ಇನ್ನೂ ಇಲ್ಲ.

ಬರುವವರು ಬರಲಿ, ಬೇಡವೆನ್ನಲು ಕಾರಣವಿಲ್ಲ. ರಾಗಿ ಕೊಯ್ಲು ಮುಗಿದು ಆನೆಗಳು ಹಿಂದಿರುಗಿದ ಮೇಲೆ ಬನ್ನಿ. ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲೇ ನಡೆಯಿರಿ, ಕತ್ತಲಾಗುವ ಮುಂಚೆ ಊರು ಸೇರಿ.