ಮನೆ ಮಾರಾಟದಲ್ಲಿ ವಿದ್ಯುತ್ ಸುರಕ್ಷತಾ ತಪಾಸಣೆ (ಹತ್ತಿಕುಣಿ ಮತ್ತು ಯಾದಗಿರಿ ಸೀಮೆ)

ಮನೆ ಕೈ ಬದಲಾಗುವಾಗ ಅದರ ವೈರಿಂಗ್, ಅರ್ಥಿಂಗ್, ಫ್ಯೂಸು, ಸ್ವಿಚ್‌ಬೋರ್ಡುಗಳನ್ನು ಪರೀಕ್ಷಿಸಿ, ಅವು ಸುರಕ್ಷಿತವೆಂದು ಅರ್ಹರಾದವರು ಬರೆದುಕೊಡುವ ಪದ್ಧತಿ. ಫ್ರಾನ್ಸ್, ಬೆಲ್ಜಿಯಂ, ದಕ್ಷಿಣ ಆಫ್ರಿಕಾಗಳಲ್ಲಿ ಇದು ಕಡ್ಡಾಯ, ಭಾರತದಲ್ಲಿ ಅಲ್ಲ. ಯಾದಗಿರಿ ತಾಲ್ಲೂಕಿನ ಹತ್ತಿಕುಣಿಯಲ್ಲಿ ಮನೆ ಕೊಳ್ಳುವವರು ಪಂಚಾಯಿತಿಯ ಉತಾರ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಕರೆಂಟು ಬಿಲ್ಲಿನ ಬಾಕಿ ವಿಚಾರಿಸುತ್ತಾರೆ. ಗೋಡೆಯ ಮೇಲಿನ ತಂತಿಯನ್ನು ಪರೀಕ್ಷೆ ಮಾಡಿಸಿ ಎಂದು ಯಾವ ಕಚೇರಿಯೂ ಕೇಳುವುದಿಲ್ಲ. ಈ ಸೀಮೆಯಲ್ಲಿ ಸುರಕ್ಷತೆಯ ಕಾಗದ ಹುಟ್ಟಿದ್ದು ಹೊಸ ಸಂಪರ್ಕಕ್ಕಾಗಿ; ಮಾರಾಟಕ್ಕೂ ಅದಕ್ಕೂ ಇಂದಿಗೂ ನಂಟು ಬೆಳೆದಿಲ್ಲ.

ಮನೆಯೊಳಗಿನ ವಿದ್ಯುತ್ತಿಗೆ ಬರೆದ ಮೊದಲ ನಿಯಮಗಳಿಗೆ ಕಾರಣ ಬೆಂಕಿಯ ಭಯ. ಲಂಡನ್ನಿನ ಟೆಲಿಗ್ರಾಫ್ ಇಂಜಿನಿಯರುಗಳ ಸಂಘ 1882ರಲ್ಲಿ ವಿದ್ಯುದ್ದೀಪದಿಂದ ಬೆಂಕಿ ಹತ್ತದಂತೆ ಪಾಲಿಸಬೇಕಾದ ನಿಯಮಗಳನ್ನು ಪ್ರಕಟಿಸಿತು. ಭಾರತದಲ್ಲಿ 1887, 1903 ಮತ್ತು 1910ರಲ್ಲಿ ಒಂದರ ಹಿಂದೊಂದು ವಿದ್ಯುತ್ ಕಾಯ್ದೆಗಳು ಬಂದವು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹತ್ತಿಕುಣಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿತ್ತು.

1956 ಎರಡು ಕಾರಣಕ್ಕೆ ಮುಖ್ಯ. ನವೆಂಬರ್ 1ರಂದು ಯಾದಗಿರಿ, ಶಹಾಪುರ, ಸುರಪುರಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ವರ್ಷ ಭಾರತೀಯ ವಿದ್ಯುತ್ ನಿಯಮಗಳು ರೂಪುಗೊಂಡವು. ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ವೈರಿಂಗನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕು, ಪರೀಕ್ಷೆಯಲ್ಲಿ ಸರಿಯೆಂದು ಕಂಡ ಮೇಲೆಯೇ ಸಂಪರ್ಕ ಕೊಡಬೇಕು ಎಂಬುದು 1956ರ ನಿಯಮಗಳ ತಿರುಳು. 45ನೇ ನಿಯಮ ಒಂದು ವಿನಾಯಿತಿಯನ್ನೂ ಇಟ್ಟಿತ್ತು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸಲು ಪರವಾನಗಿದಾರರು ಬೇಕಿಲ್ಲ, ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಿದ್ದರೆ ಸಾಕು. ವಿನಾಯಿತಿ ನ್ಯಾಯವಾದದ್ದೇ. ಆದರೆ ಇಂಥ ಸಣ್ಣ ಕೆಲಸಗಳೇ ವರ್ಷಗಟ್ಟಲೆ ಸೇರುತ್ತ ಹೋದರೆ, ಮೊದಲ ದಿನ ಪರೀಕ್ಷೆಯಾದ ವೈರಿಂಗಿಗೂ ಮಾರಾಟದ ದಿನ ಮನೆಯಲ್ಲಿರುವ ವೈರಿಂಗಿಗೂ ಸಂಬಂಧವೇ ಉಳಿಯುವುದಿಲ್ಲ.

ಸಂಪರ್ಕ ಕೊಟ್ಟ ಮೇಲೂ ಪ್ರತಿ ಸ್ಥಾವರವನ್ನು ಐದು ವರ್ಷ ಮೀರದಂತೆ ಮತ್ತೆ ಮತ್ತೆ ಪರೀಕ್ಷಿಸಬೇಕೆಂದು 46ನೇ ನಿಯಮ ಹೇಳಿತ್ತು. ಅದು ನಿಜವಾಗಿ ನಡೆದಿದ್ದರೆ ಮಾರಾಟಕ್ಕೆಂದು ಬೇರೆ ತಪಾಸಣೆ ಬೇಕಾಗುತ್ತಲೇ ಇರಲಿಲ್ಲ. ಆದರೆ ವಿದ್ಯುತ್ ಪರಿವೀಕ್ಷಣಾಲಯದ ಗಮನವೆಲ್ಲ ಹೈಟೆನ್ಷನ್ ಸ್ಥಾವರ, ಚಿತ್ರಮಂದಿರ, 15 ಮೀಟರಿಗಿಂತ ಎತ್ತರದ ಕಟ್ಟಡಗಳ ಕಡೆಗೇ ಹೋಯಿತು. ಹಳ್ಳಿಯ ಮನೆಯ ಮಟ್ಟಿಗೆ ಆ ನಿಯಮ ಕಾಗದದಲ್ಲಿ ಉಳಿಯಿತು.

ಈ ಭಾಗದ ಹಳೆಯ ಮನೆಗಳಲ್ಲಿ ತಪಾಸಣೆ ಏಕೆ ಬೇಕೆಂಬುದು ಕಟ್ಟಡದಿಂದಲೇ ತಿಳಿಯುತ್ತದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಅಥವಾ ಶಹಾಬಾದ್ ಕಲ್ಲಿನ ಹಾಸು; ಕಲ್ಲು ಕೊರೆದು ಪೈಪು ಹುದುಗಿಸುವುದು ಕಷ್ಟ. ಹೀಗಾಗಿ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು, ಅದಕ್ಕೆ ತಂತಿ ಬಿಗಿದು ಕೂಡಿಸಿದರು. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ತೇವ ನೇರವಾಗಿ ಪಟ್ಟಿಗೆ ಇಳಿಯುತ್ತದೆ, ಹಳೆಯ ತಂತಿಯ ಹೊದಿಕೆ ಒಣಗಿ ಬಿರಿದಿದ್ದರೆ ಕರೆಂಟು ಗೋಡೆಗೆ ಸೋರುತ್ತದೆ. ಭಾಗ್ಯಜ್ಯೋತಿಯಂಥ ಯೋಜನೆಯಲ್ಲಿ ಬಡವರ ಮನೆಗೆ ಬಂದದ್ದು ಒಂದೇ ದೀಪ. ಒಂದು ಬಲ್ಬಿಗೆಂದು ಎಳೆದ ತಂತಿಗೆ ಮುಂದೆ ಫ್ಯಾನು, ಟಿ.ವಿ., ಕೂಲರು, ಮಿಕ್ಸಿ, ನೀರಿನ ಮೋಟರು ಜೋಡಿಸಿದರೆ ತಂತಿ ಕಾಯುತ್ತದೆ. ಫ್ಯೂಸು ಪದೇ ಪದೇ ಹೋಗತೊಡಗಿದಾಗ ದಪ್ಪ ತಂತಿ ಸುತ್ತಿದರೆ ಉಳಿದಿದ್ದ ಒಂದು ಕಾವಲೂ ಇಲ್ಲವಾಗುತ್ತದೆ.

ಅರ್ಥಿಂಗಿನ ಪ್ರಶ್ನೆ ಇನ್ನೂ ಗಂಭೀರ. ಭಾರತೀಯ ಮಾನಕ ಐಎಸ್ 3043ರಂತೆ ಪೈಪು ಅರ್ಥಿಂಗಿಗೆ ಎರಡೂವರೆ ಮೀಟರು ಉದ್ದದ ಕೊಳವೆ ನೆಲಕ್ಕಿಳಿಯಬೇಕು. ಸುತ್ತ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುವ ರೂಢಿಯೂ ಇದೆ. ಬಂಡೆ ಬೇಗ ಸಿಗುವ ನೆಲದಲ್ಲಿ ಅಷ್ಟು ಆಳ ಸುಲಭವಲ್ಲ. ಯಾದಗಿರಿಯ ಬೇಸಿಗೆ 40 ಡಿಗ್ರಿ ದಾಟಿದಾಗ ಮಣ್ಣಿನ ತೇವ ಆರಿ ಅದರ ರೋಧ ಏರುತ್ತದೆ. ಆಗಸ್ಟಿನ ಹಸಿ ನೆಲದಲ್ಲಿ ಅಳೆದು ಸರಿಯೆಂದು ಬರೆದ ಅರ್ಥಿಂಗು ಏಪ್ರಿಲ್ಲಿನಲ್ಲಿ ಕೈಕೊಡಬಹುದು. ಒಮ್ಮೆ ಕೊಟ್ಟ ಪ್ರಮಾಣಪತ್ರ ಮನೆಯ ಆಯುಷ್ಯಪೂರ್ತಿ ಸಾಕಾಗದು ಎನ್ನಲು ಈ ಊರಿನ ನೆಲವೇ ಸಾಕ್ಷಿ.

ಆಸ್ತಿ ಮಾರಾಟದ ಕಾನೂನು ಬೇರೆಯೇ ದಾರಿಯಲ್ಲಿ ಬೆಳೆಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ಕಾಣದ ಮಹತ್ವದ ದೋಷ ತಮಗೆ ಗೊತ್ತಿದ್ದರೆ ಮಾರುವವರು ಅದನ್ನು ಹೇಳಬೇಕು. ಕೆಟ್ಟ ವೈರಿಂಗು ಇದರಲ್ಲಿ ಸೇರುತ್ತದೆಂದು ವಾದಿಸಬಹುದು. ಆದರೆ ಪರೀಕ್ಷೆಯೇ ಆಗದ ಮನೆಯಲ್ಲಿ ಮಾರುವವರಿಗೂ ದೋಷ ಗೊತ್ತಿರುವುದಿಲ್ಲ. ಬಿಲ್ಲಿನ ಬಾಕಿಯ ವಿಷಯದಲ್ಲಿ ಮಾತ್ರ ಕಾನೂನು ಬಹಳ ದೂರ ನಡೆದಿದೆ. ಹಳೆಯ ಮಾಲೀಕರ ಬಾಕಿಗೆ ಹೊಸಬರು ಹೊಣೆಯಲ್ಲ ಎಂದು 1995ರ ಇಶಾ ಮಾರ್ಬಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಕೆ.ಸಿ. ನಿನಾನ್ ತೀರ್ಪು, ಶಾಸನಬದ್ಧ ಷರತ್ತುಗಳಿದ್ದಲ್ಲಿ ಆ ಬಾಕಿ ತೀರಿಸಿದ ಮೇಲೆಯೇ ಹೊಸ ಸಂಪರ್ಕ ಎಂದು ಕಂಪನಿಗಳು ಕೇಳಬಹುದೆಂದು ಸ್ಪಷ್ಟಪಡಿಸಿತು. ಈ ಸೀಮೆಗೆ ವಿದ್ಯುತ್ ಹಂಚುವ ಕಂಪನಿಯಾದ ಜೆಸ್ಕಾಂನ ದಾಖಲೆಯಲ್ಲಿ ಆರ್.ಆರ್. ನಂಬರಿನ (ಸಂಪರ್ಕದ ಗುರುತಿನ ಸಂಖ್ಯೆಯ) ಹೆಸರು ಬದಲಿಸಲು ಖರೀದಿ ಪತ್ರದ ಜೊತೆ ಬಾಕಿಯ ಲೆಕ್ಕವೂ ಬೇಕು. ಹಣದ ಬಾಕಿಯನ್ನು ಹುಡುಕುವಷ್ಟು ಕಾಳಜಿ ಜೀವದ ಅಪಾಯವನ್ನು ಹುಡುಕುವುದಕ್ಕೂ ಇರಬೇಕಿತ್ತು.

2002ರಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡು ಜೆಸ್ಕಾಂ ಕೆಲಸ ಆರಂಭಿಸಿತು. 2003ರ ವಿದ್ಯುತ್ ಕಾಯ್ದೆಯ 53ನೇ ಕಲಮಿನ ಕೆಳಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಗಳನ್ನು ಹೊರಡಿಸಿತು. ತಂತಿಯ ಹೊದಿಕೆಯ ನಿರೋಧ ಅಳೆಯುವ 500 ವೋಲ್ಟಿನ ಮೆಗ್ಗರ್ ಉಪಕರಣವನ್ನು ಒಂದು ನಿಮಿಷ ಹಚ್ಚಿದಾಗ ಮನೆಯ ವೈರಿಂಗಿನ ನಿರೋಧ ಕನಿಷ್ಠ ಒಂದು ಮೆಗಾಓಮ್ ಇರಬೇಕೆಂಬ ಅಳತೆ ಅದರಲ್ಲಿತ್ತು. 2015ರ ತಿದ್ದುಪಡಿ ರಾಜ್ಯ ಗೊತ್ತುಪಡಿಸಿದ ವೋಲ್ಟೇಜಿನವರೆಗಿನ ಸ್ಥಾವರಗಳಿಗೆ ಮಾಲೀಕರ ಸ್ವಯಂ ದೃಢೀಕರಣಕ್ಕೆ ದಾರಿ ಮಾಡಿತು. 2023ರಲ್ಲಿ ಹೊಸ ನಿಯಮಾವಳಿ ಬಂದಿತು. ಮಾರಾಟದ ದಿನವನ್ನು ತಪಾಸಣೆಯ ದಿನವಾಗಿಸುವ ಷರತ್ತು ಇವುಗಳಲ್ಲಿ ಇಲ್ಲ.

ಬೇರೆ ದೇಶಗಳು ಆ ದಿನವನ್ನೇ ಹಿಡಿದುಕೊಂಡವು. ಫ್ರಾನ್ಸಿನಲ್ಲಿ 2009ರ ಜನವರಿಯಿಂದ, ವೈರಿಂಗು 15 ವರ್ಷಕ್ಕಿಂತ ಹಳೆಯದಾಗಿದ್ದರೆ ಮಾರುವವರು ಪರೀಕ್ಷಾ ವರದಿ ಕೊಡಬೇಕು. ದಕ್ಷಿಣ ಆಫ್ರಿಕಾದ 2009ರ ನಿಯಮದಂತೆ ಮಾಲೀಕತ್ವ ಬದಲಾಗುವಾಗ ಪ್ರಮಾಣಪತ್ರ ಎರಡು ವರ್ಷಕ್ಕಿಂತ ಹಳೆಯದಾಗಿರಬಾರದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮಾರುವ ಮೊದಲೇ ಸೋರುವ ಕರೆಂಟನ್ನು ಕಡಿಯುವ ಎರಡು ಸ್ವಿಚ್ಚು ಕೂಡಿಸಿರಬೇಕು. ಹತ್ತಿಕುಣಿಯಂಥ ಊರಿಗೆ ಹತ್ತಿರವಾಗಿ ಕಾಣುವುದು ಬೆಲ್ಜಿಯಂನ ರೀತಿ: ಪರೀಕ್ಷೆ ಕಡ್ಡಾಯ, ಆದರೆ ದೋಷ ಸಿಕ್ಕಿದರೆ ಮಾರಾಟ ನಿಲ್ಲುವುದಿಲ್ಲ, ಕೊಂಡವರು 18 ತಿಂಗಳಲ್ಲಿ ಸರಿಪಡಿಸಿಕೊಳ್ಳಬೇಕು. ಏಕೆಂದರೆ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮನೆ ಮಾರುವವರ ಕೈಯಲ್ಲಿ ವೈರಿಂಗು ಬದಲಿಸುವ ಹಣ ಇರುವುದಿಲ್ಲ.

ಕಾನೂನು ಕೇಳದಿದ್ದರೂ ಕೊಳ್ಳುವವರು ಕೇಳಬಹುದು. ಪರವಾನಗಿ ಇರುವ ಗುತ್ತಿಗೆದಾರರಿಂದ ಮೆಗ್ಗರ್ ಪರೀಕ್ಷೆ, ಬೇಸಿಗೆಯಲ್ಲೇ ಅರ್ಥಿಂಗಿನ ಅಳತೆ, ಮೀಟರಿನ ಪಕ್ಕ ಸೋರುವ ಕರೆಂಟನ್ನು ಕಡಿಯುವ ಸ್ವಿಚ್ಚು (ಆರ್‌ಸಿಸಿಬಿ) ಇದೆಯೇ ಎಂಬ ಪರಿಶೀಲನೆ, ಇವನ್ನು ಮುಂಗಡ ಕೊಡುವ ಮೊದಲೇ ಮಾಡಿಸಿ, ವರದಿಯನ್ನು ಖರೀದಿ ಕರಾರಿಗೆ ಲಗತ್ತಿಸಿಕೊಳ್ಳಲು ಅಡ್ಡಿಯಿಲ್ಲ.