ಕೆರೆಗಿಳಿದ ವಿಮಾನ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ನೀವು ಯಾವ ತಾಲ್ಲೂಕಿನವರೇ ಆಗಿರಿ, ನಿಮ್ಮೂರಿನ ಹತ್ತಿರ ಒಂದು ಕೆರೆ ಇದ್ದೇ ಇರುತ್ತದೆ. ಕೆರೆಯ ಮೇಲೆ ವಿಮಾನ ಇಳಿಯಬಲ್ಲುದೇ? ನಗಬೇಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ವಿಮಾನಗಳು ಇಳಿದಿವೆ.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1943ರಲ್ಲಿ ಅದು ಅಮೆರಿಕದ ಸೇನಾ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಅಲ್ಲಿ ಮೊದಲು ದುರಸ್ತಿಯಾದದ್ದೇ 'ಕ್ಯಾಟಲೀನಾ' ಎಂಬ ಜಲವಿಮಾನ. ಅದರ ರೆಕ್ಕೆಗಳ ಅಗಲ ಸುಮಾರು 32 ಮೀಟರ್, ಒಡಲು ದೋಣಿಯದು. ಕಡಲ ಮೇಲೆ ಗಸ್ತು ತಿರುಗುವುದು, ನೀರಿಗೆ ಬಿದ್ದ ವೈಮಾನಿಕರನ್ನು ಎತ್ತಿ ತರುವುದು ಅದರ ಕೆಲಸ. ಕಡಲಿಲ್ಲದ ಈ ಬಯಲುಸೀಮೆಯಲ್ಲಿ ಅದಕ್ಕೆ ನೀರಿನ ಹಾಸು ಒದಗಿಸಿದ್ದು, ಹಿರಿಯರು ಬೇಸಾಯಕ್ಕೆಂದು ಕಟ್ಟಿದ ಕೆರೆ.

ನೀರಿನಿಂದ ಮೇಲೇಳುವುದು ಸುಲಭವಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಒಡಲನ್ನು ಹಿಡಿದೆಳೆಯುತ್ತದೆ. ಆದ್ದರಿಂದ ಒಡಲಿನ ತಳದಲ್ಲಿ ಮೆಟ್ಟಿಲಿನಂಥ ಒಂದು ಕಡಿತವಿರುತ್ತದೆ. ವೇಗ ಹೆಚ್ಚಿದಂತೆ ಅಲ್ಲಿಗೆ ಗಾಳಿ ನುಗ್ಗಿ ನೀರಿನ ಹಿಡಿತ ಸಡಿಲಿಸುತ್ತದೆ. ಇದಕ್ಕೆ ಉದ್ದನೆಯ, ಅಡ್ಡಿಯಿಲ್ಲದ, ಆಳವಿರುವ ನೀರು ಬೇಕು. 2010ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಉದ್ಘಾಟನೆಯಾದ 'ಜಲ ಹಂಸ' ವಿಮಾನವು ಅಂಡಮಾನ್ ದ್ವೀಪಗಳ ಕಾಡು, ಕಡಲನ್ನು ಪ್ರವಾಸಿಗರಿಗೆ ಮೇಲಿನಿಂದ ತೋರಿಸಿದ್ದೂ ಇದೇ ತತ್ತ್ವದಿಂದ.

ಇನ್ನು ಬೆಳ್ಳಂದೂರಿನ ಕಥೆ. ನಗರದ ಕೊಳಚೆ ಸೇರಿ ಕೆರೆ ಕೆಟ್ಟಿತು. 2015ರಲ್ಲಿ ಅದರ ನೊರೆಗೆ ಬೆಂಕಿಯೇ ಹತ್ತಿತು. ಅದೇ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, 2018ರ ಜೂನ್‌ನಲ್ಲಿ ಕೋಲಾರದ ಕಡೆಗೆ ಹರಿಸಲಾಯಿತು. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಮರುತಿಂಗಳೇ ಅಲ್ಲಿ ನೊರೆ ಕಂಡಿತು, ಹೈಕೋರ್ಟ್ ತಡೆ ನೀಡಿತು; ಮುಂದೆ ಮತ್ತೆ ನೀರು ಹರಿಯಿತು. ಬತ್ತಿದ ಕೆರೆಗಳು ತುಂಬಿದ ಸಂತೋಷ ಒಂದು ಕಡೆ, ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಬೇಡಿಕೆ ಇನ್ನೊಂದು ಕಡೆ. ಎರಡಕ್ಕೂ ಕಾರಣವಿದೆ.

ಈ ಭಾನುವಾರ ನಿಮ್ಮೂರ ಕೆರೆಯ ಏರಿಯ ಮೇಲೆ ನಡೆದು ಬನ್ನಿ. ಕೋಡಿ ಕೊನೆಗೆ ಹರಿದದ್ದು ಯಾವ ವರ್ಷ, ಈಗಿನ ನೀರು ಎಲ್ಲಿಂದ ಬಂತು ಎಂದು ಹಿರಿಯರನ್ನು ಕೇಳಿ, ಬರೆದಿಡಿ. ಬೆಳ್ಳಂದೂರಿನ ತಿಳಿನೀರನ್ನು ಕಂಡವರು ವಿರಳವಾಗುತ್ತಿದ್ದಾರೆ. ನಿಮ್ಮ ಕೆರೆಯನ್ನು ಕಂಡವರು ಇನ್ನೂ ನಿಮ್ಮ ಮನೆಯಲ್ಲೇ ಇರಬಹುದು.