ಇಂಗ್ಲಿಷ್ ಕಲಿಸಲು ಬರುವ ವಿದೇಶೀಯರು: ವೀಸಾ, ವೆಚ್ಚ ಮತ್ತು ಸಂಬಳದ ನಿಯಮಗಳು

1878ರ ಡಿಸೆಂಬರ್ 31ರಂದು ಇಟಲಿಯ ಜೆಸ್ವಿತ್ ಗುರುಗಳು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅಂದು ಹೊರದೇಶದವರು ಇಲ್ಲಿ ಪಾಠ ಹೇಳಲು ವೀಸಾ ಕೇಳುವವರಿರಲಿಲ್ಲ. ಇಂದು ಕಾಲ ಬದಲಾಗಿದೆ. ಆದರೂ "ಪರಿಚಯದ ವಿದೇಶೀಯರೊಬ್ಬರು ಬರುತ್ತಿದ್ದಾರೆ, ನಮ್ಮ ಶಾಲೆಯ ಮಕ್ಕಳಿಗೆ ಆರು ತಿಂಗಳು ಇಂಗ್ಲಿಷ್ ಕಲಿಸಲಿ" ಎಂಬ ಮಾತು ಧರ್ಮಕೇಂದ್ರಗಳಲ್ಲಿ ಈಗಲೂ ಸುಲಭವಾಗಿ ಬರುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ನಿಯಮ ತಿಳಿಯದೆ ಮುಂದುವರಿದರೆ ಬಂದ ಅತಿಥಿಗೂ ಕರೆದ ಸಂಸ್ಥೆಗೂ ತೊಂದರೆ ತಪ್ಪದು.

ಬೀದರ್ ಜಿಲ್ಲೆಯ ಹುಮನಾಬಾದ್–ಬಸವಕಲ್ಯಾಣ ಭಾಗದ ಕೊಡಂಬಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕನ್ನಡದ ಜೊತೆಗೆ ಉರ್ದು, ಮರಾಠಿಗಳೂ ಕಿವಿಗೆ ಬೀಳುವ ಸೀಮೆ ಇದು. ಇಲ್ಲಿಯ ಮಕ್ಕಳಿಗೆ ಎರಡು ಮೂರು ಭಾಷೆ ಕಷ್ಟವಲ್ಲ, ಇಂಗ್ಲಿಷ್ ಮಾತ್ರ ದೂರ. ಬೀದರ್ ಜಿಲ್ಲೆ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಕರಾವಳಿಯ ಗುರುಗಳು, ಧರ್ಮಭಗಿನಿಯರು ಉತ್ತರ ಕರ್ನಾಟಕದಲ್ಲಿ ಸೇವೆಯಲ್ಲಿರುವುದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ. ಇಂತಹ ಊರಿನ ಒಂದು ಶಾಲೆ ವಿದೇಶೀ ಶಿಕ್ಷಕರನ್ನು ಕರೆಸಬೇಕೆಂದರೆ ಏನು ಮಾಡಬೇಕು, ಎಷ್ಟು ಹಣ ಬೇಕು?

ಸಂಬಳದ ಮಿತಿ: ನಿಜವಾದ ಅಡ್ಡಿ

ಸಂಬಳಕ್ಕೆ ಕಲಿಸುವವರಿಗೆ ಉದ್ಯೋಗ ವೀಸಾ ಬೇಕು. ವೀಸಾ ಶುಲ್ಕ ದೇಶದಿಂದ ದೇಶಕ್ಕೆ ಬೇರೆ. ಅರ್ಜಿ ತಿರಸ್ಕೃತವಾದರೂ ಶುಲ್ಕ ಮರಳಿ ಸಿಗದು. ಆದರೆ ದೊಡ್ಡ ವೆಚ್ಚ ಇದಲ್ಲ. ಗೃಹ ಸಚಿವಾಲಯದ ನಿಯಮದಂತೆ ಉದ್ಯೋಗ ವೀಸಾದಲ್ಲಿ ಬರುವವರ ವಾರ್ಷಿಕ ಸಂಬಳ 16.25 ಲಕ್ಷ ರೂಪಾಯಿಗಿಂತ ಹೆಚ್ಚಿರಬೇಕು. ಅಂದರೆ ತಿಂಗಳಿಗೆ ಸುಮಾರು 1.35 ಲಕ್ಷ. ಆದಾಯ ತೆರಿಗೆಯ ಲೆಕ್ಕಕ್ಕೆ ಬರುವ ವಸತಿ ಮೊದಲಾದ ಸೌಲಭ್ಯಗಳನ್ನು ಇದರಲ್ಲಿ ಸೇರಿಸಬಹುದು. ಆದರೆ ಅವು ಕರಾರುಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು.

ಈ ಮಿತಿಯಿಂದ ಕೆಲವರಿಗೆ ವಿನಾಯಿತಿ ಇದೆ: ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ರಾಯಭಾರ ಕಚೇರಿಗಳ ಸಿಬ್ಬಂದಿ, ಭಾಷಾಂತರಕಾರರು ಮತ್ತು ಭಾಷಾ ಶಿಕ್ಷಕರು. ಗಮನಿಸಬೇಕಾದ ಮಾತು ಇಲ್ಲಿದೆ. ಭಾಷಾ ಶಿಕ್ಷಕರ ವಿನಾಯಿತಿ ಇಂಗ್ಲಿಷ್ ಶಿಕ್ಷಕರಿಗೆ ಇಲ್ಲ. ಜರ್ಮನ್ ಅಥವಾ ಜಪಾನಿ ಕಲಿಸುವವರನ್ನು ಕಡಿಮೆ ಸಂಬಳಕ್ಕೆ ಕರೆಸಬಹುದು, ಇಂಗ್ಲಿಷ್ ಕಲಿಸುವವರನ್ನು ಕರೆಸುವಂತಿಲ್ಲ. ಅರ್ಹ ಭಾರತೀಯರು ಸಿಗುವ ಕೆಲಸಕ್ಕೆ ಉದ್ಯೋಗ ವೀಸಾ ಕೊಡಬಾರದೆಂಬುದು ಈ ವೀಸಾದ ಮೂಲ ತತ್ವ. ಇಂಗ್ಲಿಷ್ ಕಲಿಸಬಲ್ಲವರು ನಮ್ಮಲ್ಲಿ ಧಾರಾಳ ಇದ್ದಾರಲ್ಲವೇ? ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಂಸ್ಥೆಗಳ ಅಧ್ಯಾಪಕರಿಗೆ ಮಿತಿಯನ್ನು ಇಳಿಸಲಾಗಿದೆ. ಹಳ್ಳಿಯ ಶಾಲೆಗೆ ಅದರಿಂದ ಪ್ರಯೋಜನವಿಲ್ಲ.

ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಇಂಗ್ಲಿಷ್ ಶಿಕ್ಷಕರಿಗೆ ವೀಸಾ ಕೊಡುವಾಗ ದಕ್ಷಿಣ ಕೊರಿಯಾ ಮುಖ್ಯವಾಗಿ ಯಾವ ದೇಶದ ಪೌರರು, ಪದವಿ ಇದೆಯೇ ಎಂದು ನೋಡುತ್ತದೆ. ನಮ್ಮ ಸರಕಾರ ಮೊದಲು ಸಂಬಳ ಕೇಳುತ್ತದೆ. ಅಲ್ಲಿ ಕಲಿಸಿ ಬಂದವರು "ಪದವಿ ಪ್ರಮಾಣಪತ್ರ ಇದ್ದರೆ ಸಾಕು" ಎಂದರೆ ನಂಬಿ ಕೂರಬಾರದು.

ಸಂಬಳವನ್ನು ವಿದೇಶದ ದಾನಿಗಳೇ ಕೊಡಲಿ ಎಂದರೆ? ಆ ಹಣ ಸಂಸ್ಥೆಗೆ ಬರುವುದಾದರೆ 2010ರ ವಿದೇಶಿ ದೇಣಿಗೆ ಕಾಯಿದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ದೇಣಿಗೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ತೆರೆದಿರುವ ದಾರಿಗಳು

1. ಗೌರವ ಸೇವೆ. ನೋಂದಾಯಿತ ಸೇವಾಸಂಸ್ಥೆಯಲ್ಲಿ ಸ್ವಯಂಸೇವಕರಾಗಿ ದುಡಿಯುವವರಿಗೆ ತಿಂಗಳಿಗೆ 10,000 ರೂಪಾಯಿವರೆಗಿನ ಗೌರವಧನದ ಮೇಲೆ ಉದ್ಯೋಗ ವೀಸಾ ಸಿಗಲು ಅವಕಾಶವಿದೆ. ಇವರಿಗೆ 16.25 ಲಕ್ಷದ ಮಿತಿ ಇಲ್ಲ. ವೀಸಾದ ಮೇಲೆ ಸಂಸ್ಥೆಯ ಹೆಸರು, ಕೆಲಸದ ಸ್ಥಳ ಬರೆದಿರುತ್ತಾರೆ. ಕೊಡಂಬಲ ಎಂದು ಬರೆದಿದ್ದರೆ ಕೊಡಂಬಲವೇ. ಮಂಗಳೂರಿನ ಶಾಲೆಯಲ್ಲಿ ಎರಡು ವಾರ ಪಾಠ ಮಾಡಲಿ ಎಂದು ಕಳುಹಿಸುವಂತಿಲ್ಲ.

2. ಒಂದು ತಿಂಗಳ ಸ್ವಯಂಸೇವೆ. ಇ-ಟೂರಿಸ್ಟ್ ವೀಸಾದಲ್ಲಿ ಗರಿಷ್ಠ ಒಂದು ತಿಂಗಳ ಸ್ವಯಂಸೇವೆಗೆ ಅವಕಾಶವಿದೆ. ಷರತ್ತು ಒಂದೇ: ಹಣವಾಗಲಿ, ಬೇರೆ ಯಾವುದೇ ಪ್ರತಿಫಲವಾಗಲಿ ಕೊಡಬಾರದು. ಹೆಚ್ಚಿನ ದೇಶದವರಿಗೆ ಇದರ ಶುಲ್ಕ 1 ವರ್ಷಕ್ಕೆ 40 ಡಾಲರ್, 5 ವರ್ಷಕ್ಕೆ 80 ಡಾಲರ್. ವೀಸಾ 5 ವರ್ಷದ್ದಾದರೂ ಸ್ವಯಂಸೇವೆ ಒಂದು ತಿಂಗಳೇ. ಪ್ರವಾಸಿ ವೀಸಾದಲ್ಲಿ ಬಂದು ಇಲ್ಲಿ ಉದ್ಯೋಗ ವೀಸಾಕ್ಕೆ ಬದಲಾಯಿಸಿಕೊಳ್ಳುತ್ತೇವೆ ಎಂದು ನೆಚ್ಚಿ ಕೂರಬೇಡಿ.

3. ಒಸಿಐ ಕಾರ್ಡು ಇರುವವರು. ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ ಪೌರತ್ವ ಪಡೆದ ನಮ್ಮ ಕುಟುಂಬಗಳ ಮಕ್ಕಳು ಇಲ್ಲಿ ಕಲಿಸಲು ಬರುವುದಾದರೆ ಇದೇ ಸುಲಭ ದಾರಿ. ಇವರಿಗೆ ಉದ್ಯೋಗ ವೀಸಾ ಬೇಡ, ಸಂಬಳದ ಮಿತಿಯೂ ಇಲ್ಲ. ಕಾರ್ಡಿನ ಶುಲ್ಕ ವಿದೇಶದಲ್ಲಿ 275 ಡಾಲರ್, ಭಾರತದಲ್ಲಿ ಅರ್ಜಿ ಹಾಕಿದರೆ 15,000 ರೂಪಾಯಿ. ಒಂದು ಎಚ್ಚರಿಕೆ: 2021ರ ಮಾರ್ಚ್ 4ರ ಅಧಿಸೂಚನೆಯಂತೆ ಒಸಿಐ ಕಾರ್ಡುದಾರರು ಮಿಷನರಿ ಕಾರ್ಯ ಮಾಡಲು ವಿಶೇಷ ಅನುಮತಿ ಬೇಕು. ಆದುದರಿಂದ ಶಾಲೆಯ ಪಾಠವನ್ನೂ ಧರ್ಮಬೋಧನೆಯನ್ನೂ ಬೆರೆಸಬೇಡಿ. ಕೊಲ್ಲಿ ರಾಷ್ಟ್ರಗಳಲ್ಲಿ ಬೆಳೆದ ನಮ್ಮ ಮಕ್ಕಳ ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದ್ದರೆ ಈ ಯಾವ ಪ್ರಶ್ನೆಯೂ ಏಳದು.

ಬಂದ ಮೇಲೆ ಮಾಡಬೇಕಾದದ್ದು

ವಿದೇಶೀಯರು ಕಾನ್ವೆಂಟಿನಲ್ಲಿ, ಗುರುನಿವಾಸದಲ್ಲಿ ಅಥವಾ ಮನೆಯಲ್ಲಿ ತಂಗಿದರೂ ಆಶ್ರಯ ಕೊಟ್ಟವರು 24 ಗಂಟೆಯೊಳಗೆ ನಿಗದಿತ ಫಾರ್ಮ್ ತುಂಬಿ ತಿಳಿಸಬೇಕು. 180 ದಿನಕ್ಕಿಂತ ಹೆಚ್ಚಿನ ಉದ್ಯೋಗ ವೀಸಾದಲ್ಲಿ ಬಂದವರು 14 ದಿನದೊಳಗೆ ವಿದೇಶೀಯರ ನೋಂದಣಿ ಮಾಡಿಸಬೇಕು. ಇದನ್ನು ಇ-ಎಫ್‌ಆರ್‌ಆರ್‌ಒ ಜಾಲತಾಣದ ಮೂಲಕವೇ ಮಾಡಬಹುದು, ಬೀದರಿನಿಂದ ಬೆಂಗಳೂರಿಗೆ ಓಡಾಡುವ ಮೊದಲು ಅಲ್ಲಿ ನೋಡಿ.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಯಲ್ಲಿದೆ. 1946ರ ವಿದೇಶೀಯರ ಕಾಯಿದೆ ರದ್ದಾಗಿದೆ. ವೀಸಾದ ಷರತ್ತು ಮುರಿದರೆ 3 ವರ್ಷದವರೆಗೆ ಸೆರೆವಾಸ, 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪ್ರೀತಿಯಿಂದ ಕಲಿಸಲು ಬಂದ ಯುವತಿಯೋ ಯುವಕನೋ ನಮ್ಮ ಅಜಾಗರೂಕತೆಯಿಂದ ಪೊಲೀಸ್ ಠಾಣೆ ಹತ್ತಬೇಕಾಗಿ ಬಂದರೆ, ಮುಂದೆ ಈ ದೇಶಕ್ಕೆ ಕಾಲಿಡಲಾಗದಂತಾದರೆ, ಆ ಹೊಣೆ ಯಾರದು?

ಕರೆಯುವ ಮೊದಲು ಕೇಳಿಕೊಳ್ಳಿ

• ಬರುವವರು ಯಾವ ದೇಶದ ಪೌರರು? ಒಸಿಐ ಇದೆಯೇ?
• ಒಂದು ತಿಂಗಳೊಳಗಿನ ಕೆಲಸವೇ, ಹೆಚ್ಚಿನದೇ?
• ಕೊಡುವುದು ಸಂಬಳವೇ, ಗೌರವಧನವೇ, ಏನೂ ಇಲ್ಲವೇ? ಬರವಣಿಗೆಯಲ್ಲಿ ಇದೆಯೇ?
• ನಮ್ಮ ಸಂಸ್ಥೆಯ ನೋಂದಣಿ ಪತ್ರಗಳು ಸರಿಯಾಗಿವೆಯೇ?
• ವಾಸ್ತವ್ಯ ತಿಳಿಸುವ ಫಾರ್ಮ್ ತುಂಬುವ ಜವಾಬ್ದಾರಿ ಯಾರಿಗೆ?

ಶುಲ್ಕ, ಮಿತಿಗಳು ಆಗಾಗ ಬದಲಾಗುತ್ತವೆ. ಆದುದರಿಂದ ಟಿಕೆಟ್ ತೆಗೆಯುವ ಮೊದಲು ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ಪ್ರಕಟಣೆ ನೋಡಿ.

ಕೊನೆಯದಾಗಿ, ವಿದೇಶೀಯರು ಸಿಗದಿದ್ದರೆ ಇಂಗ್ಲಿಷ್ ನಿಲ್ಲಬೇಕಾಗಿಲ್ಲ. ಹೊರದೇಶದಲ್ಲಿರುವ ಬಂಧುಗಳು ತಮ್ಮ ಮನೆಯಿಂದಲೇ ಇಂಟರ್ನೆಟ್ ಮೂಲಕ ವಾರಕ್ಕೆರಡು ತಾಸು ಮಕ್ಕಳೊಂದಿಗೆ ಮಾತಾಡಲು ವೀಸಾ ಬೇಡ. ಪಕ್ಕದಲ್ಲಿ ಶಾಲೆಯ ಶಿಕ್ಷಕರು ಕೂತಿದ್ದರೆ ಸಾಕು. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ನೀಡುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿದೆ. ಒಬ್ಬ ವಿದೇಶೀಯರಿಗೆ ಒಂದು ತಿಂಗಳು ಕೊಡಬೇಕಾದ 1.35 ಲಕ್ಷ ರೂಪಾಯಿಯಲ್ಲಿ ಊರಿನ ಶಿಕ್ಷಕಿಯೊಬ್ಬರಿಗೆ ತಿಂಗಳಿಗೆ 11,000ದಂತೆ ಇಡೀ ವರ್ಷ ಕೊಡಬಹುದು. ಅತಿಥಿ ತಿಂಗಳಿದ್ದು ಹೋಗುತ್ತಾರೆ. ಊರಿನ ಶಿಕ್ಷಕಿ ಮುಂದಿನ ಜೂನ್‌ನಲ್ಲೂ ಮಕ್ಕಳ ಮುಂದೆ ಇರುತ್ತಾರೆ.